ಮರುಭೂಮಿಯ ಕಚ್ಚಾ ಜಾಡಿನಲ್ಲಿ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಡಾಂಬರು ಬಿಟ್ಟು ಮರಳು, ಕಲ್ಲು, ಒಣಹಳ್ಳಗಳ ನಡುವೆ ಓಡಾಡಿ ಕತ್ತಲಾಗುವ ಮೊದಲು ಮತ್ತೆ ಡಾಂಬರು ಸೇರುವ ಒಂದು ದಿನದ ಡ್ರೈವ್‌ಗೆ ಈ ಉತ್ತರಗಳು. ರಾತ್ರಿ ತಂಗುವ ಯೋಚನೆ ಇದ್ದರೆ ತಯಾರಿ ಬೇರೆಯೇ ಆಗುತ್ತದೆ. ಮರುಭೂಮಿಯಲ್ಲಿ ಕೈಕೊಡುವ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಒಂದೇ: ಮಾಡಬೇಕಾದ ಕೆಲಸವನ್ನು ಹತ್ತು ನಿಮಿಷ ತಡವಾಗಿ ಮಾಡಿರುತ್ತಾರೆ. ಗಾಳಿ ಇಳಿಸುವುದು, ಆಕ್ಸಿಲರೇಟರ್ ಬಿಡುವುದು, ಹಿಂದಿರುಗುವುದು, ಎಲ್ಲದರಲ್ಲೂ ಇದೇ ಕಥೆ.

ನನ್ನ ಗಾಡಿ ಇದಕ್ಕೆ ಸಾಕಾಗುತ್ತದೆಯೇ?

ಜಾಡು ಯಾವುದು ಎಂಬುದರ ಮೇಲೆ ಹೋಗುತ್ತದೆ. ಗಟ್ಟಿಯಾದ ಜಲ್ಲಿ ದಾರಿಗೆ ಅಡಿಭಾಗ ನೆಲದಿಂದ ಸುಮಾರು 200 ಮಿಲಿಮೀಟರ್ ಎತ್ತರವಿರುವ ಆಲ್ ವೀಲ್ ಡ್ರೈವ್ ಗಾಡಿ ಸಾಕು. ಕಲ್ಲಿನ ಮೆಟ್ಟಿಲುಗಳು, ಆಳವಾದ ಸಡಿಲ ಮರಳು ಇದ್ದರೆ ಲೋ ರೇಂಜ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರ್ ವ್ಯವಸ್ಥೆ) ಇರುವ ಫೋರ್ ವೀಲ್ ಡ್ರೈವ್ ಬೇಕು. ಎತ್ತರವನ್ನು ಮಾತ್ರ ನೋಡಿ ಮೋಸ ಹೋಗಬೇಡಿ. ಮುಂದಿನ ಬಂಪರ್ ಉದ್ದವಾಗಿ ಚಾಚಿಕೊಂಡಿದ್ದರೆ ಹಳ್ಳದ ದಡ ಹತ್ತುವಾಗ ಮೊದಲು ತಾಗುವುದು ಅದೇ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಹೆಚ್ಚಿದ್ದರೆ ದಿಣ್ಣೆಯ ನೆತ್ತಿಯ ಮೇಲೆ ಗಾಡಿಯ ಹೊಟ್ಟೆ ಕೂತುಬಿಡುತ್ತದೆ.

ನಾವು ಮೊದಲು ನೋಡುವುದು ಮಾತ್ರ ಬೇರೆ ಎರಡನ್ನು. ಒಂದು, ಸ್ಟೆಪ್ನಿ ಉಳಿದ ನಾಲ್ಕರಷ್ಟೇ ಗಾತ್ರದ್ದೇ? ತೆಳ್ಳನೆಯ ತಾತ್ಕಾಲಿಕ ಸ್ಟೆಪ್ನಿ ಇರುವ ಗಾಡಿಯನ್ನು ದೂರದ ಜಾಡಿಗೆ ಒಯ್ಯಬಾರದು. ಎರಡು, ಚಾಸಿಗೆ ಬೋಲ್ಟ್ ಆಗಿರುವ, ಎಳೆಯಲು ತಕ್ಕ ಗಟ್ಟಿಯಾದ ಕೊಕ್ಕೆ ಮುಂದೆ ಹಾಗೂ ಹಿಂದೆ ಇದೆಯೇ? ಸಾಗಣೆಯ ಹೊತ್ತಿನಲ್ಲಿ ಗಾಡಿಯನ್ನು ಬಿಗಿದು ಕಟ್ಟಲು ಕೊಟ್ಟಿರುವ ಸಣ್ಣ ಕಣ್ಣುಗಳು ಆ ಕೆಲಸಕ್ಕಲ್ಲ.

ಒಂದೇ ಗಾಡಿಯಲ್ಲಿ ಹೋಗಬಹುದೇ?

ಬೇಡ. ಕನಿಷ್ಠ ಎರಡು ಗಾಡಿ ಇರಲಿ. ಹಿಂದಿನವರು ಮುಂದಿನವರ ಧೂಳು ತಗ್ಗುವಷ್ಟು ಅಂತರ ಇಟ್ಟುಕೊಳ್ಳಲಿ. ಜಾಡು ಕವಲೊಡೆಯುವಲ್ಲಿ ಮುಂದಿನವರು ನಿಂತು, ಹಿಂದಿನ ಗಾಡಿ ಕಣ್ಣಿಗೆ ಬಿದ್ದ ಮೇಲೇ ತಿರುಗಲಿ. ಇದೊಂದು ಪದ್ಧತಿ ಇದ್ದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಟೈರಿನ ಗಾಳಿ ಎಷ್ಟು ಇಳಿಸಬೇಕು, ಏಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

ಗಾಳಿ ಇಳಿಸಿದಾಗ ಟೈರ್ ಅಡ್ಡಕ್ಕೆ ಹರಡುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅಡ್ಡಕ್ಕೆ ಸ್ವಲ್ಪ ಹರಡುತ್ತದೆ ನಿಜ, ಆದರೆ ಮುಖ್ಯ ಲಾಭ ಉದ್ದದಲ್ಲಿ. ನೆಲಕ್ಕೆ ತಾಗುವ ಭಾಗ ಹಿಂದಕ್ಕೂ ಮುಂದಕ್ಕೂ ಉದ್ದವಾಗಿ, ಅದೇ ಭಾರ ಹೆಚ್ಚು ಮರಳಿನ ಮೇಲೆ ಹಂಚಿಹೋಗುತ್ತದೆ. ಟೈರ್ ಮರಳನ್ನು ಸೀಳುವ ಬದಲು ಅದರ ಮೇಲೆ ಉರುಳುತ್ತದೆ.

ಸಾಮಾನ್ಯ ಎಸ್‌ಯುವಿಗೆ ಶುರುಮಾಡಲು ಈ ಅಂಕಿಗಳು ಸರಿ. ಡಾಂಬರಿನಲ್ಲಿ ಕಂಪನಿ ಹೇಳಿದಷ್ಟು, ಅಂದರೆ ಹೆಚ್ಚಿನವಕ್ಕೆ 32ರಿಂದ 36 ಪಿಎಸ್‌ಐ. ಜಲ್ಲಿ ಮತ್ತು ಕಲ್ಲಿನ ಜಾಡಿನಲ್ಲಿ 22ರಿಂದ 26. ಸಡಿಲ ಮರಳಿನಲ್ಲಿ 15ರಿಂದ 18. ಹೂತುಕೊಂಡಾಗ, ಹೊರಬರುವಷ್ಟು ಹೊತ್ತಿಗೆ ಮಾತ್ರ, 10ರಿಂದ 12. ಗಾಡಿ ತುಂಬ ಭಾರವಿದ್ದರೆ ಎರಡು ಮೂರು ಪಿಎಸ್‌ಐ ಮೇಲಿರಲಿ.

ಅಂಕಿಗಿಂತ ಒಳ್ಳೆಯ ಸಾಕ್ಷಿ ನಿಮ್ಮದೇ ಗಾಲಿಯ ಗುರುತು. ಐವತ್ತು ಅಡಿ ಓಡಿಸಿ ಇಳಿದು ಹಿಂದೆ ನೋಡಿ. ಗುರುತು ಕಿರಿದಾಗಿ, ಆಳವಾಗಿ, ಅಂಚಿನ ಮರಳು ಒಳಕ್ಕೆ ಕುಸಿಯುತ್ತಿದ್ದರೆ ಗಾಳಿ ಇನ್ನೂ ಹೆಚ್ಚಿದೆ. ಟೈರಿನ ಒಂದೊಂದು ಉಬ್ಬೂ ಅಚ್ಚೊತ್ತಿದಂತೆ ಸ್ಪಷ್ಟವಾಗಿ ಮೂಡಿ, ಗುರುತು ಅಗಲವಾಗಿ ಮೇಲ್ಮಟ್ಟದಲ್ಲೇ ಇದ್ದರೆ ಸರಿಯಾಗಿದೆ.

ಇಳಿಸಿದ ಮೇಲೆ ಮೂರು ವಿಷಯ ನೆನಪಿರಲಿ. ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು, ಗಾಳಿ 15 ಪಿಎಸ್‌ಐಗಿಂತ ಕೆಳಗಿದ್ದರೆ ಇನ್ನೂ ನಿಧಾನ. ಸ್ಟಿಯರಿಂಗ್ ಗಕ್ಕನೆ ತಿರುಗಿಸಬಾರದು. ಒಳಗಿನ ಒತ್ತಡ ಕಡಿಮೆಯಾದಾಗ ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಳ್ಳುವ ಹಿಡಿತ ಸಡಿಲವಾಗುತ್ತದೆ, ಅಡ್ಡ ತಳ್ಳಾಟ ಬಂದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಮೂರನೆಯದು, ಡಾಂಬರು ಹತ್ತುವ ಮೊದಲು ಮತ್ತೆ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿದರೆ ಪಕ್ಕದ ಗೋಡೆ ಸುತ್ತಿಗೊಮ್ಮೆ ಮಡಚಿ ಬಿಚ್ಚಿಕೊಳ್ಳುತ್ತಾ ಕಾದು ಸಿಡಿಯುತ್ತದೆ.

ಇನ್ನೊಂದು: ಡಾಂಬರಿಗೆ ತುಂಬಿದ ಟೈರಿನೊಳಗಿನ ಗಾಳಿ 5ರಿಂದ 6 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗಲೆಲ್ಲ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ, ಇಳಿಸಿದ ಟೈರಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಬೆಳಗಿನ ತಂಪಿನಲ್ಲಿ 18ಕ್ಕೆ ಇಳಿಸಿದ್ದು ಮಧ್ಯಾಹ್ನ 20, 21 ಆಗಿರಬಹುದು. ಬೆಳಿಗ್ಗೆ ಸಲೀಸಾಗಿ ದಾಟಿದ ಮರಳು ಮಧ್ಯಾಹ್ನ ಹಿಡಿದುಕೊಳ್ಳಲು ಇದೂ ಒಂದು ಕಾರಣ.

ಈ ಉಪಾಯ ಹೊಸದೇನಲ್ಲ. ಬ್ರಿಟಿಷ್ ಸೇನೆಯ ಇಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ 1920 ಮತ್ತು 30ರ ದಶಕಗಳಲ್ಲಿ ಲಿಬಿಯಾ ಮರುಭೂಮಿಯ ಮರಳನ್ನು ಮಾಮೂಲಿ ಫೋರ್ಡ್ ಕಾರುಗಳಲ್ಲಿ ದಾಟಿದ್ದು ಗಾಳಿ ಇಳಿಸಿದ ಟೈರು, ಗಾಲಿಯಡಿ ಇಡುವ ಉಕ್ಕಿನ ಪಟ್ಟಿ ಮತ್ತು ರೇಡಿಯೇಟರಿನ ಆವಿಯನ್ನು ಮತ್ತೆ ನೀರಾಗಿಸುವ ಡಬ್ಬಿಯಿಂದ. ಆ ಕಾರುಗಳಿಗೆ ಫೋರ್ ವೀಲ್ ಡ್ರೈವ್ ಇರಲಿಲ್ಲ.

ಮತ್ತೆ ಗಾಳಿ ತುಂಬಲು ಎಂಥ ಕಂಪ್ರೆಸರ್ ಬೇಕು?

ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂಥದ್ದು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಸಣ್ಣವು ದೊಡ್ಡ ಟೈರಿಗೆ ತಿಣುಕಾಡುತ್ತವೆ, ಹೆಚ್ಚು ಕರೆಂಟ್ ಎಳೆದರೆ ಫ್ಯೂಸ್ ಹೋಗುತ್ತದೆ. ಇಂಜಿನ್ ಚಾಲೂ ಇಟ್ಟು ತುಂಬಿ, ಎರಡು ಟೈರಿಗೊಮ್ಮೆ ಕಂಪ್ರೆಸರಿಗೆ ವಿರಾಮ ಕೊಡಿ, ನೆರಳಿನಲ್ಲಿಡಿ. ಮರಳಿನ ಮೇಲೆ ನೇರವಾಗಿ ಇಟ್ಟರೆ ಅದು ಮರಳನ್ನೇ ಉಸಿರಾಡುತ್ತದೆ. ಕೆಳಗೊಂದು ಮ್ಯಾಟ್ ಹಾಸಿ. ಒತ್ತಡ ಅಳೆಯಲು ಪ್ರತ್ಯೇಕ ಗೇಜ್ ಇರಲಿ.

ಫೋರ್ ಹೈ ಯಾವಾಗ, ಫೋರ್ ಲೋ ಯಾವಾಗ?

ಫೋರ್ ಹೈ ಎಂದರೆ ನಾಲ್ಕೂ ಗಾಲಿಗೆ ಶಕ್ತಿ, ಮಾಮೂಲಿ ಗೇರ್; ಫೋರ್ ಲೋ ಎಂದರೆ ಅದೇ, ಲೋ ರೇಂಜಿನಲ್ಲಿ. ಡಾಂಬರು ಮುಗಿದ ಕೂಡಲೇ ಫೋರ್ ಹೈ. ಮರಳಿನ ಬಯಲು, ಜಲ್ಲಿ ಎಲ್ಲಕ್ಕೂ ಅದೇ. ಕಲ್ಲು ಹತ್ತುವಾಗ, ಕಡಿದಾದ ಇಳಿಜಾರಿನಲ್ಲಿ, ಹೂತ ಗಾಡಿ ಎಳೆಯುವಾಗ ಫೋರ್ ಲೋ. ಇಳಿಜಾರಿನಲ್ಲಿ ಲೋ ರೇಂಜಿನ ಮೊದಲ ಗೇರೇ ಗಾಡಿಯನ್ನು ತಡೆದು ಹಿಡಿಯುತ್ತದೆ, ಬ್ರೇಕಿನ ಕೆಲಸ ಅಲ್ಪ. ಹೆಚ್ಚಿನ ಗಾಡಿಗಳಲ್ಲಿ ಲೋಗೆ ಹಾಕಲು ಪೂರ್ತಿ ನಿಲ್ಲಿಸಿ ನ್ಯೂಟ್ರಲ್ ಮಾಡಬೇಕು. ಅದಕ್ಕೇ, ಕಷ್ಟದ ಜಾಗದ ಮಧ್ಯದಲ್ಲಿ ಹುಡುಕಾಡದೆ ಮೊದಲೇ ಹಾಕಿಕೊಳ್ಳಿ.

ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ (ಬೇಕಾದಾಗ ಮಾತ್ರ ನಾಲ್ಕೂ ಗಾಲಿಗೆ ಶಕ್ತಿ ಕೊಡುವಂಥದ್ದು) ಇರುವ ಗಾಡಿಯನ್ನು ಗಟ್ಟಿ ಡಾಂಬರಿನಲ್ಲಿ ಫೋರ್ ಹೈನಲ್ಲಿ ತಿರುಗಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುತ್ತವೆ. ಮರಳಿನಲ್ಲಿ ಟೈರ್ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲಾಗದೆ ಆ ತಿರುಚು ಗೇರ್ ಪೆಟ್ಟಿಗೆ, ಶಾಫ್ಟುಗಳ ಮೇಲೆ ಬೀಳುತ್ತದೆ.

ಆಳವಾದ ಮರಳಿನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ. ಗಾಲಿ ಸ್ವಲ್ಪ ಜಾರಿದರೂ ಅದು ಇಂಜಿನ್ ಶಕ್ತಿ ಕಡಿದು, ಬೇಕಾದ ಹೊತ್ತಿನಲ್ಲೇ ಓಟ ನಿಂತುಹೋಗುತ್ತದೆ.

ಮರಳಿನಲ್ಲಿ ಓಡಿಸುವ ರೀತಿ ಹೇಗೆ?

ಒಂದೇ ಸಮನೆ, ನಯವಾಗಿ. ಓಟವೇ ಗಾಡಿಯನ್ನು ತೇಲಿಸುವುದು. ಗೇರ್ ಬದಲಿಸುವ ಆ ಅರೆಕ್ಷಣವೂ ಮರಳಿನಲ್ಲಿ ಬ್ರೇಕ್ ಹಾಕಿದಂತೆ, ಆದ್ದರಿಂದ ಸಡಿಲ ಭಾಗ ಬರುವ ಮೊದಲೇ ಸರಿಯಾದ ಗೇರಿನಲ್ಲಿರಿ. ತಿರುವು ಅಗಲವಾಗಿರಲಿ. ನಿಲ್ಲಿಸಬೇಕೆಂದರೆ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ತಾನಾಗಿ ನಿಲ್ಲಲು ಬಿಡಿ. ಬ್ರೇಕ್ ಒತ್ತಿದರೆ ನಾಲ್ಕೂ ಟೈರಿನ ಮುಂದೆ ಪುಟ್ಟ ಮರಳಿನ ದಿಂಬು ಎದ್ದು, ಹೊರಡುವಾಗ ಮೊದಲು ಅದನ್ನೇ ಹತ್ತಬೇಕಾಗುತ್ತದೆ. ಸಾಧ್ಯವಾದರೆ ಮೂತಿ ಇಳಿಜಾರಿನ ಕಡೆ ಇರುವಂತೆ ನಿಲ್ಲಿಸಿ.

ಬೆಳಗಿನ ಮರಳು ತಂಪಿಗೆ, ಇಬ್ಬನಿಗೆ ಬಿಗಿದುಕೊಂಡಿರುತ್ತದೆ. ಓರೆ ಬಿಸಿಲಿನ ನೆರಳಿನಲ್ಲಿ ಉಬ್ಬುತಗ್ಗು ಕಾಣಿಸುತ್ತದೆ. ನೆತ್ತಿಯ ಬಿಸಿಲಿನಲ್ಲಿ ನೆರಳು ಅಳಿದು ಎಲ್ಲವೂ ಒಂದೇ ಮಟ್ಟವಾಗಿ ಕಂಡು, ಎರಡಡಿ ಗುಂಡಿಯೂ ಕಣ್ಣಿಗೆ ಬೀಳದೆ ಹೋಗುತ್ತದೆ. ಕಷ್ಟದ ಮರಳು ಇದ್ದರೆ ಅದನ್ನು ದಿನದ ಮೊದಲ ಭಾಗಕ್ಕೆ ಇಟ್ಟುಕೊಳ್ಳಿ.

ಮರಳುದಿಣ್ಣೆ ಹತ್ತುವಾಗ ಏನು ನೋಡಬೇಕು?

ಗಾಳಿ ಬೀಸಿ ಬರುವ ಬದಿ ಇಳಿಜಾರು ಮತ್ತು ಗಟ್ಟಿ; ಮರೆಯ ಬದಿ ಕಡಿದು ಮತ್ತು ಸಡಿಲ, ಸುಮಾರು 32ರಿಂದ 34 ಡಿಗ್ರಿ. ಅದಕ್ಕಿಂತ ಕಡಿದಾಗಿ ಒಣ ಮರಳು ನಿಲ್ಲುವುದೇ ಇಲ್ಲ. ಹತ್ತುವುದಾಗಲಿ ಇಳಿಯುವುದಾಗಲಿ ನೇರವಾಗಿಯೇ. ಓರೆಯಾಗಿ ಹೋದರೆ ಪಲ್ಟಿ. ಅರ್ಧದಲ್ಲಿ ಓಟ ಕುಗ್ಗಿದರೆ ತಿರುಗಿಸಲು ಹೋಗಬೇಡಿ. ರಿವರ್ಸ್ ಹಾಕಿ ಬಂದ ಗುರುತಿನಲ್ಲೇ ನೇರ ಹಿಂದಕ್ಕೆ ಇಳಿಯಿರಿ. ಮುಂದಕ್ಕೆ ಇಳಿಯುವಾಗ ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಸ್ಟಿಯರಿಂಗ್ ಇಳಿಜಾರಿನ ಕಡೆಗೇ ತಿರುಗಿಸಿ ಸ್ವಲ್ಪ ಆಕ್ಸಿಲರೇಟರ್ ಕೊಡಿ, ಬ್ರೇಕ್ ಮುಟ್ಟಬೇಡಿ. ಮನಸ್ಸು ಇದಕ್ಕೆ ಒಪ್ಪುವುದಿಲ್ಲ, ಆದರೆ ಗಾಡಿ ನೆಟ್ಟಗಾಗುವುದು ಹಾಗೆಯೇ.

ನೆತ್ತಿ ಹಾರಿ ದಾಟಬಾರದು. ಆಚೆ ಬದಿ ಏನಿದೆ, ಯಾರು ಎದುರಿಗೆ ಹತ್ತುತ್ತಿದ್ದಾರೆ ಗೊತ್ತಿಲ್ಲದಿದ್ದರೆ ಮೊದಲು ನಡೆದು ಹತ್ತಿ ನೋಡಿ. ಬೇರೆ ಗಾಡಿಗಳು ಓಡಾಡುವ ದಿಣ್ಣೆಗಳಲ್ಲಿ ಎತ್ತರದ ಕಡ್ಡಿಗೆ ಬಾವುಟ ಕಟ್ಟಿಕೊಳ್ಳುವುದು ಇದೇ ಕಾರಣಕ್ಕೆ.

ಗಾಡಿ ಹೂತುಕೊಂಡಿತು. ಈಗ?

ಆಕ್ಸಿಲರೇಟರ್ ಬಿಡಿ. ಗಾಲಿ ತಿರುಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ ಎಂದರೆ ಅದು ಗುಂಡಿ ತೋಡುತ್ತಿದೆ. ಮೊದಲ ಎರಡು ಸೆಕೆಂಡಿನಲ್ಲಿ ಬಿಟ್ಟವರು ಐದು ನಿಮಿಷದಲ್ಲಿ ಹೊರಬರುತ್ತಾರೆ. ಅರ್ಧ ನಿಮಿಷ ಒತ್ತಿದವರ ಗಾಡಿ ಹೊಟ್ಟೆಯ ಮೇಲೆ ಕೂತಿರುತ್ತದೆ, ಅದಕ್ಕೆ ಒಂದು ಗಂಟೆಯ ಸಲಿಕೆ ಕೆಲಸ.

ಮೊದಲು ನೇರ ಹಿಂದಕ್ಕೆ ಹೋಗಿ ನೋಡಿ. ಹಿಂದಿನ ಮರಳನ್ನು ನಿಮ್ಮದೇ ಗಾಲಿ ಆಗಲೇ ಒತ್ತಿ ಗಟ್ಟಿ ಮಾಡಿರುತ್ತದೆ. ಒಂದು ಗಾಡಿ ಉದ್ದ ಹಿಂದೆ ಬಂದರೆ ಮತ್ತೆ ಓಟ ಹಿಡಿಯಲು ಸಾಕು. ಆಗದಿದ್ದರೆ ಇಳಿದು ಸಲಿಕೆ ಹಿಡಿಯಿರಿ. ಮೊದಲು ಹೊಟ್ಟೆಯಡಿಯ ಮರಳು: ಆಕ್ಸಲ್, ಡಿಫರೆನ್ಷಿಯಲ್, ಪೆಟ್ರೋಲ್ ಟ್ಯಾಂಕ್ ತಾಗಿರುವ ಕಡೆಯೆಲ್ಲ ತೆಗೆಯಿರಿ. ಆಮೇಲೆ ಹೋಗಬೇಕಾದ ದಿಕ್ಕಿಗೆ ಪ್ರತಿ ಗಾಲಿಯ ಎದುರು ಓರೆಯಾದ ಇಳಿಜಾರು ಮಾಡಿ, ಕನಿಷ್ಠ ಒಂದು ಮೀಟರ್ ಉದ್ದ. ನಾಲ್ಕೂ ಟೈರಿನಿಂದ ಇನ್ನೂ 3ರಿಂದ 5 ಪಿಎಸ್‌ಐ ಇಳಿಸಿ. ಎಳೆತದ ಹಲಗೆ (ಗಾಲಿಗೆ ಹಿಡಿತ ಕೊಡುವ ಹಲ್ಲುಗಳಿರುವ ಹಲಗೆ) ಇದ್ದರೆ ಅದರ ತುದಿ ಟೈರಿನ ಅಡಿಗೆ ತಾಗುವಂತೆ ತುರುಕಿ. ಎದುರಿಗೆ ಸುಮ್ಮನೆ ಇಟ್ಟರೆ ಟೈರ್ ಅದನ್ನು ತಳ್ಳುತ್ತದೆ, ಹತ್ತುವುದಿಲ್ಲ. ಸ್ಟಿಯರಿಂಗ್ ನೇರ ಮಾಡಿ, ಸಣ್ಣ ಆಕ್ಸಿಲರೇಟರಿನಲ್ಲಿ ಹೊರಡಿ. ಹಲಗೆಯ ಮೇಲೆ ಗಾಲಿ ಗಿರ್ರನೆ ತಿರುಗಿದರೆ ಅದರ ಹಲ್ಲುಗಳು ಕರಗಿ ಹೋಗುತ್ತವೆ. ಗಾಡಿಯ ಮುಂದಾಗಲಿ ಹಿಂದಾಗಲಿ ಯಾರೂ ನಿಲ್ಲಬಾರದು. ಹೊರಬಂದ ಮೇಲೆ ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸಬೇಡಿ, ಹಲಗೆ ತರಲು ನಡೆದೇ ಹಿಂದೆ ಹೋಗಿ.

ಹಗ್ಗ ಹಾಕಿ ಎಳೆಯುವಾಗ ಎಚ್ಚರ ಏನು?

ಇಡೀ ದಿನದಲ್ಲಿ ಜೀವಕ್ಕೆ ಅಪಾಯವಿರುವ ಕೆಲಸಗಳಲ್ಲಿ ಇದೊಂದು. ಹಿಗ್ಗುವ ರಿಕವರಿ ಹಗ್ಗ ಬೇರೆ, ಹಿಗ್ಗದ ಟೋಯಿಂಗ್ ಹಗ್ಗ ಬೇರೆ. ಹಿಗ್ಗದ ಹಗ್ಗವನ್ನು ಜಗ್ಗಿ ಎಳೆದರೆ ಏನಾದರೊಂದು ಮುರಿಯುತ್ತದೆ. ಹಗ್ಗದ ತಾಳಿಕೆ ಗಾಡಿಯ ಒಟ್ಟು ಭಾರದ ಎರಡರಿಂದ ಮೂರು ಪಟ್ಟು ಇರಲಿ. ಟ್ರೈಲರ್ ಸಿಕ್ಕಿಸುವ ಟೋ ಬಾಲ್‌ಗೆ ಹಗ್ಗವನ್ನು ಎಂದೂ ಹಾಕಬೇಡಿ. ಅದು ಮುರಿದು ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಎರಡು ಹಗ್ಗ ಜೋಡಿಸಲು ನಡುವೆ ಕಬ್ಬಿಣದ ಶ್ಯಾಕಲ್ (ಕೊಂಡಿ) ಬಳಸಬಾರದು, ಅದೇ ಕಾರಣ.

ಮೊದಲು ಸಲಿಕೆ ಕೆಲಸ ಮುಗಿಸಿ, ಆಮೇಲೆ ಹಗ್ಗ. ಎರಡು ಮೂರು ಮೀಟರ್ ಸಡಿಲ ಬಿಟ್ಟು, ಎಳೆಯುವವರು ಲೋ ರೇಂಜಿನಲ್ಲಿ ಮೆಲ್ಲಗೆ ಹೊರಡಲಿ. ಹೂತವರೂ ಅದೇ ಹೊತ್ತಿಗೆ ಮೆಲ್ಲಗೆ ಆಕ್ಸಿಲರೇಟರ್ ಕೊಡಲಿ. ಉಳಿದವರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ, ಪಕ್ಕಕ್ಕೆ.

ಕಲ್ಲಿನ ಜಾಡಿನಲ್ಲಿ?

ದೊಡ್ಡ ಕಲ್ಲನ್ನು ಎರಡು ಗಾಲಿಗಳ ನಡುವೆ ಬಿಟ್ಟು ದಾಟಲು ಹೋಗಬೇಡಿ. ಗಾಲಿಯನ್ನೇ ಅದರ ಮೇಲೆ ಹತ್ತಿಸಿ, ಆಗ ಹೊಟ್ಟೆಯೂ ಮೇಲೇಳುತ್ತದೆ. ಮುಂದೆ ನಿಂತು ಕೈಸನ್ನೆ ಮಾಡುವವರು ಒಬ್ಬರೇ ಇರಲಿ. ನಾಲ್ಕು ಜನ ನಾಲ್ಕು ದಿಕ್ಕು ತೋರಿಸಿದರೆ ಟೈರಿನ ಪಕ್ಕ ಹರಿಯುತ್ತದೆ. ಸ್ಟಿಯರಿಂಗ್ ಹಿಡಿಯುವಾಗ ಹೆಬ್ಬೆರಳು ಒಳಗೆ ಸುತ್ತಿರಬಾರದು. ಗಾಲಿ ಕಲ್ಲಿಗೆ ಬಡಿದು ಸ್ಟಿಯರಿಂಗ್ ಗಿರಕ್ಕನೆ ತಿರುಗಿದರೆ ಬೆರಳು ಹೋಗುತ್ತದೆ.

ಅಲೆಅಲೆಯಾಗಿ ಎದ್ದ ಜಾಡಿನಲ್ಲಿ ಗಾಡಿ ನಡುಗುತ್ತದೆ. ಜೋರಾಗಿ ಓಡಿಸಿದರೆ ಸರಿಹೋಗುತ್ತದಂತೆ, ನಿಜವೇ?

ಅರ್ಧ ನಿಜ. ಒಂದು ವೇಗ ದಾಟಿದ ಮೇಲೆ ಟೈರ್ ಅಲೆಯಿಂದ ಅಲೆಗೆ ಹಾರುತ್ತಾ ನಡುಕ ಕಮ್ಮಿಯಾದಂತೆ ಅನ್ನಿಸುತ್ತದೆ. ಆದರೆ ಹಾರುವ ಟೈರಿಗೆ ನೆಲದ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ, ತಿರುವಿನಲ್ಲಿ ಗಾಡಿ ಅಡ್ಡ ಹೋಗುತ್ತದೆ. ಗಾಳಿಯನ್ನು 24ರ ಆಸುಪಾಸಿಗೆ ಇಳಿಸುವುದು ನಿಜವಾದ ಪರಿಹಾರ. ಗಂಟೆಗೊಮ್ಮೆ ನಿಲ್ಲಿಸಿ ಶಾಕ್ ಅಬ್ಸಾರ್ಬರ್ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಮುಟ್ಟುವ ಮೊದಲೇ ಕಾವು ತಾಗುತ್ತಿದ್ದರೆ ಒಳಗಿನ ಎಣ್ಣೆ ಕಾದು ತಡೆಯುವ ಶಕ್ತಿ ಕಳೆದುಕೊಳ್ಳುತ್ತಿದೆ. ಹದಿನೈದು ನಿಮಿಷ ಆರಲು ಬಿಡಿ. ಬ್ಯಾಟರಿ ಟರ್ಮಿನಲ್, ಮೇಲಿನ ಕ್ಯಾರಿಯರ್ ಬೋಲ್ಟ್, ಸ್ಟೆಪ್ನಿ ಬೋಲ್ಟ್ ಸಡಿಲವಾಗುವುದೂ ಇದೇ ಜಾಡಿನಲ್ಲಿ.

ಒಣಹಳ್ಳದಲ್ಲಿ ಗಾಡಿ ನಿಲ್ಲಿಸಿ ಊಟ ಮಾಡಬಹುದೇ?

ನೆರಳಿದೆ, ನೆಲ ಮಟ್ಟಸವಾಗಿದೆ, ಆಸೆಯಾಗುತ್ತದೆ. ಆದರೂ ಬೇಡ. ಮರುಭೂಮಿಯ ನೆಲ ಮಳೆಯನ್ನು ಬೇಗ ಕುಡಿಯುವುದಿಲ್ಲ. ಹತ್ತಾರು ಕಿಲೋಮೀಟರ್ ಆಚೆ ಬೆಟ್ಟದಲ್ಲಿ ಸುರಿದದ್ದು, ನಿಮ್ಮ ನೆತ್ತಿಯ ಮೇಲೆ ನೀಲಿ ಆಕಾಶ ಇರುವಾಗಲೇ, ಕೆಸರು ಮರದ ತುಂಡುಗಳೊಂದಿಗೆ ಬಂದುಬಿಡುತ್ತದೆ. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು, 60 ಇದ್ದರೆ ದೊಡ್ಡ ಎಸ್‌ಯುವಿಯನ್ನೂ ಒಯ್ಯುತ್ತದೆ. ಹಳ್ಳ ಹರಿಯುತ್ತಿದ್ದರೆ ದಡದಲ್ಲಿ ಕಾಯಿರಿ. ಬಂದಷ್ಟೇ ಬೇಗ ಇಳಿಯುವುದೂ ಅದರ ಗುಣ.

ಉಪ್ಪಿನ ಬಯಲು, ಒಣಗಿದ ಕೆರೆಯಂಗಳದ ವಿಷಯದಲ್ಲೂ ಹೀಗೆಯೇ. ಮೇಲೆ ಒಣ ಹೊಪ್ಪಳೆ, ಕೆಳಗೆ ಕೆಸರು. ಬಣ್ಣ ಸ್ವಲ್ಪ ಗಾಢವಾಗಿ ಕಂಡರೆ ಗಾಡಿ ಇಳಿಸಬೇಡಿ.

ಜಾಡು ಬಿಟ್ಟು ಪಕ್ಕದ ಬಯಲಿನಲ್ಲಿ ಓಡಿಸಿದರೆ ಏನಾಯಿತು? ಅಲ್ಲಿ ಏನೂ ಇಲ್ಲವಲ್ಲ?

ಇದೆ. ಬಗ್ಗಿ ನೋಡಿದರೆ ಅನೇಕ ಮರುಭೂಮಿಗಳ ಮಣ್ಣಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ, ಸುಟ್ಟ ಹೊಪ್ಪಳೆಯಂತೆ ಒಂದು ಪದರ ಕಾಣುತ್ತದೆ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಸೇರಿ ಹೆಣೆದ ಜೀವಂತ ಚರ್ಮ ಅದು. ಮಣ್ಣು ಗಾಳಿಗೆ ಹಾರದಂತೆ, ನೀರಿಗೆ ಕೊಚ್ಚದಂತೆ ಹಿಡಿದಿರುವುದು ಅದೇ. ಒಂದು ಗಾಲಿ ಒಮ್ಮೆ ಹರಿದರೆ ಸಾಕು, ಪುಡಿಯಾಗುತ್ತದೆ. ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ನಿಮ್ಮ ಗುರುತು ಕಂಡು ಮತ್ತೊಬ್ಬರು ಅದೇ ದಾರಿ ಹಿಡಿಯುತ್ತಾರೆ ಎಂಬುದು ಇನ್ನೂ ದೊಡ್ಡ ನಷ್ಟ. ಎದುರಿನ ಗಾಡಿಗೆ ದಾರಿ ಬಿಡಲು ಜಾಡಿನ ಅಗಲವಾದ ಜಾಗದವರೆಗೆ ಹಿಂದೆ ಬನ್ನಿ. ಬೇಲಿ, ಗೇಟು ಇದ್ದರೆ ಹೇಗಿತ್ತೋ ಹಾಗೆಯೇ ಬಿಟ್ಟು ಹೋಗಿ. ಸಂರಕ್ಷಿತ ಪ್ರದೇಶವೋ, ಖಾಸಗಿ ನೆಲವೋ, ಸೇನೆಯ ಅಭ್ಯಾಸದ ಜಾಗವೋ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿ ಅನುಮತಿ ಪಡೆದಿರಿ.

ನೀರು, ಇಂಧನ ಎಷ್ಟು?

ಕುಡಿಯಲು ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್. ಆದರೆ ಒಂದು ದಿನದ ಡ್ರೈವ್‌ಗೆ ಎರಡು ದಿನದ ಲೆಕ್ಕ, ಅಂದರೆ 8 ಲೀಟರ್, ಗಾಡಿಯಲ್ಲಿರಲಿ. ರೇಡಿಯೇಟರಿಗೆಂದು ಇನ್ನೂ 5. ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ತುಂಬಬೇಡಿ, ಒಡೆದರೆ ಎಲ್ಲವೂ ಹೋಯಿತು.

ಸಡಿಲ ಮರಳಿನಲ್ಲಿ, ಲೋ ರೇಂಜಿನಲ್ಲಿ ಇಂಧನ ಡಾಂಬರಿಗಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಬೇಕಾಗುತ್ತದೆ. ಹೋಗಲು ಮೂರನೇ ಒಂದು, ಬರಲು ಮೂರನೇ ಒಂದು, ಉಳಿದದ್ದು ಕೈಗಾವಲು. ಮೊದಲ ಭಾಗ ಖಾಲಿಯಾದ ಕಡೆಯೇ ತಿರುಗುವ ಜಾಗ, ನೋಡಬೇಕಾದದ್ದು ಇನ್ನೆರಡು ಕಿಲೋಮೀಟರ್ ಇದ್ದರೂ ಸರಿ.

ಇಂಜಿನ್ ವಿಪರೀತ ಬಿಸಿಯಾಗುತ್ತಿದೆ, ಏನು ಮಾಡಲಿ?

ಎಸಿ ಆಫ್, ಹೀಟರ್ ಪೂರ್ತಿ ಆನ್, ಕಿಟಕಿ ತೆರೆಯಿರಿ. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಇಂಜಿನ್ ಬಿಸಿ ತೋರಿಸುವ ಮುಳ್ಳು ಇಳಿಯದಿದ್ದರೆ ಮೂತಿಯನ್ನು ಗಾಳಿಗೆ ಎದುರು ಮಾಡಿ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಆರಿದ ಮೇಲೆ ರೇಡಿಯೇಟರಿನ ಮುಂಭಾಗದಲ್ಲಿ ಹುಲ್ಲಿನ ಬೀಜ, ಧೂಳು ಅಡರಿದೆಯೇ ನೋಡಿ. ಒಣಹುಲ್ಲಿನ ಮೇಲೆ ಓಡಿದ್ದರೆ ಕೆಳಗೆ ಬಗ್ಗಿ ಸೈಲೆನ್ಸರ್ ಪೈಪಿನ ಸುತ್ತ ಸಿಕ್ಕಿದ ಹುಲ್ಲನ್ನು ಕಿತ್ತು ಹಾಕಿ. ಗಾಡಿಗೆ ಬೆಂಕಿ ಹೊತ್ತಿಕೊಳ್ಳುವುದು ಅಲ್ಲಿಂದ.

ಪಂಕ್ಚರ್ ಆದರೆ?

ಟೈರ್ ನೆಲಕ್ಕೆ ತಾಗುವ ಭಾಗದ ನಡುವೆ ಮುಳ್ಳು, ಮೊಳೆ ಚುಚ್ಚಿದ್ದರೆ ಟ್ಯೂಬ್‌ಲೆಸ್ ಕಿಟ್ಟಿನ ಸ್ಟ್ರಿಪ್ ಸಾಕು. ಚುಚ್ಚಿದ ಕೋನ ನೋಡಿಕೊಂಡು ಕೀಳಿ, ಅದೇ ಕೋನದಲ್ಲಿ ಅರದಿಂದ ಉಜ್ಜಿ, ಸ್ಟ್ರಿಪ್ ಮುಕ್ಕಾಲು ಒಳಗೆ ತೂರಿ ಸೂಜಿಯನ್ನು ಗಕ್ಕನೆ ಎಳೆಯಿರಿ. ಪಕ್ಕದ ಗೋಡೆ ಹರಿದಿದ್ದರೆ ಸ್ಟೆಪ್ನಿಯೇ ಗತಿ. ಮರಳಿನಲ್ಲಿ ಜ್ಯಾಕ್ ಗಾಡಿ ಎತ್ತುವ ಬದಲು ತಾನೇ ಕೆಳಗಿಳಿಯುತ್ತದೆ. 30 ಸೆಂಟಿಮೀಟರ್ ಚೌಕದ, 2ರಿಂದ 3 ಸೆಂಟಿಮೀಟರ್ ದಪ್ಪದ ಹಲಗೆ ಅದರಡಿಗೆ ಬೇಕೇ ಬೇಕು.

ಮೊಬೈಲ್ ಸಿಗ್ನಲ್ ಇಲ್ಲ, ಗಾಡಿ ಕೆಟ್ಟು ನಿಂತಿದೆ. ನಡೆದು ಹೋಗಲೇ?

ಹೋಗಬೇಡಿ. ಗಾಡಿ ಆಕಾಶದಿಂದ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ನೆರಳೂ ನೀರೂ ಅದರಲ್ಲಿವೆ. ಹೊರಡುವ ಮೊದಲು ಮನೆಯಲ್ಲಿ ಒಬ್ಬರಿಗೆ ಜಾಡು, ಗಾಡಿಯ ನಂಬರ್, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಬರೆದು ಕೊಟ್ಟಿದ್ದರೆ ಹುಡುಕುವವರು ನೇರ ಅಲ್ಲಿಗೇ ಬರುತ್ತಾರೆ. ಉಪಗ್ರಹ ಮೆಸೆಂಜರ್ ಅಥವಾ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ (ಉಪಗ್ರಹಕ್ಕೆ ಸಹಾಯದ ಸಂಕೇತ ಕಳಿಸುವ ಸಾಧನ) ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಯಾವುದಕ್ಕೆ ಅನುಮತಿ ಇದೆ ಎಂದು ಮೊದಲೇ ತಿಳಿದಿರಿ. ಬಾನೆಟ್ ಎತ್ತಿಡಿ, ಗಾಡಿಯ ಕನ್ನಡಿಯಿಂದ ಬಿಸಿಲು ಹಾಯಿಸಿ. ಬಿಸಿಲಿನಲ್ಲಿ ಗಾಡಿಯೊಳಗೆ ಕೂರಬೇಡಿ, ಪಕ್ಕಕ್ಕೆ ಟಾರ್ಪಾಲು ಕಟ್ಟಿ ಅದರ ನೆರಳಿನಲ್ಲಿ, ನೆಲಕ್ಕೆ ಸೀಟು ಅಥವಾ ಮ್ಯಾಟ್ ಹಾಕಿ ಕೂರಿ. ನೀರನ್ನು ಉಳಿಸಲೆಂದು ಬಾಯಾರಿಕೆ ತಡೆಯಬೇಡಿ.

ಜೊತೆಗಿರುವವರಿಗೆ ತಲೆನೋವು, ಸುಸ್ತು, ವಿಪರೀತ ಬೆವರು ಇದ್ದರೆ ನೆರಳು, ಓಆರ್‌ಎಸ್, ವಿಶ್ರಾಂತಿ. ಮಾತು ತೊದಲಿ ಗೊಂದಲ ಶುರುವಾಗಿ ಮೈ ಕೆಂಡದಂತಿದ್ದರೆ ಅದು ಬಿಸಿಲಿನ ಹೊಡೆತ. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ ಬೀಸಿ, ಕೂಡಲೇ ಸಹಾಯ ಕರೆಯಿರಿ. ಎಚ್ಚರ ತಪ್ಪುತ್ತಿರುವವರ ಬಾಯಿಗೆ ನೀರು ಹಾಕಬೇಡಿ.

ಡಾಂಬರು ಸೇರಿದ ಮೇಲೆ ಏನು ಮಾಡಬೇಕು?

ಡಾಂಬರು ಹತ್ತುವ ಮೊದಲೇ ನಾಲ್ಕೂ ಟೈರಿಗೆ ಗಾಳಿ ತುಂಬಿರಬೇಕು. ಹತ್ತಿದ ಮೇಲೆ ಫೋರ್ ವೀಲ್ ಡ್ರೈವ್ ತೆಗೆಯಿರಿ, ಟ್ರ್ಯಾಕ್ಷನ್ ಕಂಟ್ರೋಲ್ ಮತ್ತೆ ಹಾಕಿ. ಟೈರಿನ ಒಳಬದಿಯ ಗೋಡೆಯನ್ನು ಕೈಯಿಂದ ಸವರಿ ನೋಡಿ, ಹೊರಗೆ ಕಾಣದ ಸೀಳು ಅಲ್ಲಿರುತ್ತದೆ. ಮರುದಿನ ಏರ್ ಫಿಲ್ಟರ್ ತೆಗೆದು ತಟ್ಟಿ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ ಮಾತ್ರ, ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಕ್ಕೆ ಸೇರಿಕೊಳ್ಳುತ್ತದೆ. ಉಪ್ಪಿನ ನೆಲದಲ್ಲಿ ಓಡಿದ್ದರೆ ಗಾಡಿಯ ಅಡಿಭಾಗವನ್ನು ಅದೇ ದಿನ ತೊಳೆಸಿ. ದಾರಿಯಲ್ಲಿ ಗಾಲಿ ಬದಲಿಸಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.